ಗಾಳದ ರಾಡುಗಳನ್ನು ಕಾರಿನ ಚಾವಣಿಗೆ ಅಂಟಿಸಿಕೊಂಡು ಹೆದ್ದಾರಿಗೆ ಇಳಿಯುವವರ ಗಮನಕ್ಕೆ

ಕಳೆದ ಡಿಸೆಂಬರಿನ ಒಂದು ಭಾನುವಾರ, ಉಚ್ಚಿಲ ದಾಟಿ ಪಡುಬಿದ್ರಿಯ ಕಡೆಗೆ ಬರುತ್ತಿದ್ದಾಗ, ನಮ್ಮ ಕಾರಿನ ಚಾವಣಿಯ ಮೇಲಿದ್ದ ಎರಡು ಗಾಳದ ರಾಡುಗಳು ಕಳಚಿಕೊಂಡು ಹಿಂದೆ ಬರುತ್ತಿದ್ದ ಬೈಕ್ ಸವಾರರೊಬ್ಬರ ಮುಂದೆ ಬಿದ್ದವು. ಅವರು ಬ್ರೇಕ್ ಹಾಕಿದರು, ಬೈಕ್ ಜಾರಿತು, ರಸ್ತೆಯ ಅಂಚಿನ ಮಣ್ಣಿನಲ್ಲಿ ಬಿದ್ದು ಎದ್ದರು. ಮೊಣಕೈ ತರಚಿದ್ದನ್ನು ಬಿಟ್ಟರೆ ಅವರಿಗೆ ಬೇರೆ ಪೆಟ್ಟಾಗಲಿಲ್ಲ. ಆದರೆ ಒಂದು ರಾಡಿನ ದಾರದಲ್ಲಿ ಮೂರು ಮುಳ್ಳಿನ ಗಾಳಗಳಿದ್ದ ನಕಲಿ ಮೀನು ಇನ್ನೂ ಹಾಗೆಯೇ ಇತ್ತು. ಅದು ಅವರ ಮುಖಕ್ಕೋ ಕುತ್ತಿಗೆಗೋ ಸಿಕ್ಕಿದ್ದರೆ ಎಂದು ನೆನೆದಾಗ ಈಗಲೂ ನನಗೆ ಮೈ ತಣ್ಣಗಾಗುತ್ತದೆ. ತಪ್ಪು ಸಂಪೂರ್ಣವಾಗಿ ನನ್ನದು. ಇದೇ ತಪ್ಪಿನ ಸಿದ್ಧತೆಯಲ್ಲಿರುವ ಕಾರುಗಳನ್ನು ಪ್ರತಿ ವಾರಾಂತ್ಯವೂ ಕಾಪು, ಮಲ್ಪೆ, ಸುರತ್ಕಲ್‌ಗಳ ಕಡೆ ಕಾಣುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಕಾರು. ಒಬ್ಬನೇ ಹೋಗುವಾಗ ಹಿಂದಿನ ಸೀಟು ಮಡಚಿ ರಾಡುಗಳನ್ನು ಒಳಗೇ ಮಲಗಿಸುತ್ತಿದ್ದೆ. ಅಂದು ಹೆಂಡತಿ, ಇಬ್ಬರು ಮಕ್ಕಳು ಮತ್ತು ಅಮ್ಮ ಜೊತೆಗಿದ್ದುದರಿಂದ ಹನ್ನೆರಡು ಅಡಿಯ, ಎರಡು ತುಂಡಿನ ಉದ್ದನೆಯ ರಾಡಿಗೆ ಒಳಗೆ ಜಾಗವಿರಲಿಲ್ಲ. ಅದಕ್ಕೆಂದೇ ಅಂತರ್ಜಾಲದಲ್ಲಿ ರಬ್ಬರ್ ಕಪ್‌ಗಳ ಸ್ಟ್ಯಾಂಡೊಂದನ್ನು ತರಿಸಿದ್ದೆ. ಕಪ್ಪನ್ನು ಚಾವಣಿಗೆ ಒತ್ತಿ ಹಿಡಿಯನ್ನು ಮಡಚಿದರೆ ಅದು ಗಾಳಿಯ ಒತ್ತಡದಿಂದ ಕಚ್ಚಿಕೊಳ್ಳುತ್ತದೆ. ಬೆಳಗಿನ ಜಾವ ಮಂಗಳೂರಿನಿಂದ ಕಾಪುವಿನವರೆಗೆ ಅದು ಕದಲಲಿಲ್ಲ. ಆ ಅನುಭವವೇ ನನ್ನನ್ನು ಮೈಮರೆಸಿತು.

1901ರ ದೀಪಸ್ತಂಭದ ಪಕ್ಕದ ಬಂಡೆಗಳ ಮೇಲೆ ನಿಂತು ಹತ್ತು ಗಂಟೆಯವರೆಗೆ ಗಾಳ ಎಸೆದೆವು. ಹಿಂದಿರುಗುವಾಗ ಹೆಜಮಾಡಿ ಕೋಡಿಯಲ್ಲಿ ಇನ್ನೊಂದು ಅರ್ಧ ಗಂಟೆ ನಿಲ್ಲುವ ಆಸೆಯಿಂದ ರಾಡುಗಳನ್ನು ಬಿಚ್ಚದೆ, ರೀಲು ಮತ್ತು ನಕಲಿ ಮೀನುಗಳ ಸಮೇತ, ಪೂರ್ತಿ ಉದ್ದಕ್ಕೆ ಸ್ಟ್ಯಾಂಡಿನಲ್ಲಿ ಸಿಕ್ಕಿಸಿದೆ. ಕಾರು ಮೂರು ಗಂಟೆಗೂ ಹೆಚ್ಚು ಕಾಲ ಬಿಸಿಲಿನಲ್ಲಿ ನಿಂತಿತ್ತು. ಚಾವಣಿಯ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಸ್ಟ್ಯಾಂಡು ಬೆಳಿಗ್ಗೆ ಒತ್ತಿದ್ದಲ್ಲೇ ಇತ್ತು, ಅದನ್ನು ಮತ್ತೆ ತೆಗೆದು ಒರೆಸಿ ಒತ್ತಬೇಕೆಂದು ನನಗೆ ಹೊಳೆಯಲಿಲ್ಲ.

ಏನಾಯಿತೆಂಬುದು ಆಮೇಲೆ ಕಪ್‌ಗಳನ್ನು ತಿರುಗಿಸಿ ನೋಡಿದಾಗ ತಿಳಿಯಿತು. ಹೊರಗಿನ ಗಾಳಿಗಿಂತ ಕಪ್ಪಿನೊಳಗಿನ ಗಾಳಿಯ ಒತ್ತಡ ಕಡಿಮೆ ಇರುವಷ್ಟು ಹೊತ್ತು ಮಾತ್ರ ಅದು ಹಿಡಿದಿರುತ್ತದೆ. ಬಿಸಿಲಿಗೆ ಒಳಗೆ ಉಳಿದ ಗಾಳಿ ಹಿಗ್ಗಿ, ರಬ್ಬರ್ ಮೆತ್ತಗಾಗಿ ಹಿಡಿತ ಸಡಿಲವಾಗುತ್ತದೆ. ನಮ್ಮ ಕಡಲತೀರದಲ್ಲಿ ಕಾರು ನಿಲ್ಲಿಸಿದರೆ ಉಪ್ಪಿನ ತೆಳು ಪೊರೆಯೂ ನುಣ್ಣನೆಯ ಮರಳೂ ಚಾವಣಿಯ ಮೇಲೆ ಕೂರುವುದು ತಪ್ಪುವುದಿಲ್ಲ. ಕಪ್ಪಿನ ಅಂಚಿನಡಿಗೆ ಹೊಕ್ಕ ಒಂದೇ ಒಂದು ಮರಳಿನ ಕಣ ಗಾಳಿ ನುಸುಳಲು ಸಾಕು. ಇದರ ಮೇಲೆ ವೇಗದ ಲೆಕ್ಕವಿದೆ: ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಗಂಟೆಗೆ 45 ಕಿಲೋಮೀಟರಿನಲ್ಲಿ ಇರುವುದು 90ರಲ್ಲಿ ನಾಲ್ಕು ಪಟ್ಟಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ಪಕ್ಕದಲ್ಲೇ ನುಗ್ಗಿ ಹೋದಾಗ ಅಡ್ಡಗಾಳಿ ಹೊಡೆಯಿತು, ಹನ್ನೆರಡು ಅಡಿಯ ರಾಡು ಸನ್ನೆಗೋಲಿನಂತೆ ತಿರುಗಿ ಮುಂದಿನ ಕಪ್ಪನ್ನು ಮೀಟಿತು. ಚಾವಣಿಯಲ್ಲಿ ಪಟ್ ಎಂಬ ಸದ್ದು ಕೇಳಿದ್ದಷ್ಟೇ.

ಸವಾರರ ಬೈಕಿನ ರಿಪೇರಿಯ ಖರ್ಚನ್ನು ಕೊಟ್ಟೆ. ಅವರು ಗದರಲಿಲ್ಲ, ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ಮಗಳನ್ನು ನೋಡಿ ಅವರೇ ಸಮಾಧಾನ ಹೇಳಿದರು, ಅದು ನನಗೆ ಇನ್ನೂ ಭಾರವಾಯಿತು. ಅನುಮತಿಸಿದ ಮಿತಿ ಮೀರಿ ಹೊರೆ ವಾಹನದ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 20,000 ರೂಪಾಯಿ ದಂಡವಿದೆ ಎಂಬುದನ್ನೂ ಆನಂತರವೇ ಓದಿದೆ.

ಉದ್ದನೆಯ ರಾಡು ಲಾರಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಒಂಬತ್ತು ಅಡಿಯ ಇನ್ನೊಂದಕ್ಕೆ ಒಂದು ಗೀರನ್ನು ಬಿಟ್ಟರೆ ಏನೂ ಆಗಿಲ್ಲವೆಂದು ತಿಳಿದು ಮನೆಗೆ ತಂದೆ. ಮೂರು ವಾರಗಳ ನಂತರ ಸಸಿಹಿತ್ಲುವಿನಲ್ಲಿ, ನಂದಿನಿ ಮತ್ತು ಶಾಂಭವಿ ಕಡಲು ಸೇರುವ ಅಳಿವೆಯ ಬಳಿ, ಎಸೆಯಲೆಂದು ಬೀಸಿದಾಗ ಅದು ಜೋಡಣೆಗಿಂತ ಒಂದು ಗೇಣು ಮೇಲೆ, ಆ ಗೀರಿದ್ದಲ್ಲೇ, ಸಿಡಿದು ಮುರಿಯಿತು. ಕಾರ್ಬನ್ ನಾರು ಉದ್ದಕ್ಕೆ ಬಹಳ ಗಟ್ಟಿ, ಆದರೆ ಅಡ್ಡ ಪೆಟ್ಟು ತಿಂದರೆ ಒಳಗಿನ ನಾರುಗಳು ತುಂಡಾಗಿ, ಹೊರಗೆ ಕಾಣದಂತೆ ಕಾದು, ಭಾರ ಬಿದ್ದ ದಿನ ಕೈಕೊಡುತ್ತದೆ. ಮುರಿದ ತುದಿಯ ಸಿಬಿರುಗಳು ನನ್ನ ಅಂಗೈಗೆ ಚುಚ್ಚಿದವು. ಚಾವಣಿಯಿಂದ ಒಮ್ಮೆ ಬಿದ್ದ ಕಾರ್ಬನ್ ರಾಡನ್ನು, ಅದು ಎಷ್ಟೇ ದುಬಾರಿಯದ್ದಾಗಿರಲಿ, ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ.

ಈಗ ಕುಟುಂಬದ ಜೊತೆ ಹೋಗುವಾಗ ನಾಲ್ಕು ತುಂಡಿನ ಒಂಬತ್ತು ಅಡಿಯ ಪ್ರಯಾಣದ ರಾಡನ್ನು ಮಾತ್ರ ಒಯ್ಯುತ್ತೇನೆ. ಅದರ ಪ್ರತಿ ತುಂಡೂ ಸುಮಾರು ಎರಡೂಕಾಲು ಅಡಿ ಇರುವುದರಿಂದ ಡಿಕ್ಕಿಯಲ್ಲಿ ಅಡ್ಡಲಾಗಿ ಹಿಡಿಯುತ್ತದೆ. ಉದ್ದದ ರಾಡು ಬೇಕೆನಿಸಿದ ದಿನ ಮನೆಯವರಿಗೆ ಬೇರೆ ಕಾರ್ಯಕ್ರಮ, ಹಿಂದಿನ ಸೀಟಿನಲ್ಲಿ ಯಾರೂ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 75 ಮಿಲಿಮೀಟರಿನ ಪಿವಿಸಿ ಪೈಪಿಗೆ ಎರಡೂ ಬದಿ ಮುಚ್ಚಳ ಹಾಕಿ, ಒಳಗೆ ಸ್ಪಂಜು ತುರುಕಿ, ಬಿಚ್ಚಿದ ತುಂಡುಗಳನ್ನು ಅದರಲ್ಲಿಟ್ಟು, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗದಂತೆ ಪೈಪನ್ನು ಸೀಟಿಗೆ ಕಟ್ಟುತ್ತೇನೆ. ಗಾಳಗಳು ಬೇರೆ ಡಬ್ಬಿಯಲ್ಲಿ. ಕಾರಿನೊಳಗೆ ಬಾಗಿಲ ಮೇಲಿನ ಹಿಡಿಕೆಗಳಿಗೆ ಪಟ್ಟಿ ಕಟ್ಟಿ ರಾಡು ತೂಗುಹಾಕುವ ರೂಢಿ ನಮ್ಮ ಗೆಳೆಯರಲ್ಲಿದೆ; ಅಪಘಾತವಾದಾಗ ಪಕ್ಕದ ಕಿಟಕಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದು ಅಲ್ಲಿಂದಲೇ, ಆದ್ದರಿಂದ ಆ ರೂಢಿಯನ್ನೂ ಬಿಟ್ಟುಬಿಡಿ. ಚಾವಣಿಯೇ ಅನಿವಾರ್ಯವಾದರೆ ಬೋಲ್ಟಿನಿಂದ ಬಿಗಿದ ಅಡ್ಡಪಟ್ಟಿಗಳಿಗೆ ಪೈಪನ್ನು ಎರಡು ಕಡೆ ಪಟ್ಟಿ ಬಿಗಿದು ಕಟ್ಟಿ, ಐದು ಕಿಲೋಮೀಟರ್ ಓಡಿಸಿದ ಮೇಲೆ ಇಳಿದು ಒಮ್ಮೆ ಅಲುಗಾಡಿಸಿ ನೋಡಿ.

ಆ ಸ್ಟ್ಯಾಂಡನ್ನು ಅರ್ಧ ಬೆಲೆಗೆ ಕೊಡುವಿರಾ ಎಂದು ಪರಿಚಿತರೊಬ್ಬರು ಕಳೆದ ತಿಂಗಳು ಕೇಳಿದರು. ಅವರಿಗೂ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಅವರ ಎದುರೇ ಕತ್ತರಿ ತಂದು ನಾಲ್ಕೂ ಕಪ್‌ಗಳನ್ನು ಕತ್ತರಿಸಿ ಕಸಕ್ಕೆ ಹಾಕಿದೆ.