ಅಂಬಾಸಿಡರ್, ಪದ್ಮಿನಿಗೆ 3 ಟನ್ ಟ್ರಾಲಿ ಜಾಕ್: ಹಲವು ಮಳೆಗಾಲ ಬಳಸಿದ ಮೇಲಿನ ವಿಮರ್ಶೆ

ಇಲ್ಲಿ ಹೇಳುತ್ತಿರುವುದು ಉಕ್ಕಿನ ಬಾಡಿಯ 3 ಟನ್ ಹೈಡ್ರಾಲಿಕ್ ಟ್ರಾಲಿ ಜಾಕ್ (ಚಕ್ರದ ಮೇಲೆ ಉರುಳುವ, ಎಣ್ಣೆಯ ಒತ್ತಡದಿಂದ ಎತ್ತುವ ಜಾಕ್) ಮತ್ತು ಎತ್ತಿದ ಕಾರನ್ನು ಹೊತ್ತು ನಿಲ್ಲಿಸಲು ಅದರ ಜೊತೆ ಬಳಸುವ ಪಿನ್ ಸ್ಟ್ಯಾಂಡ್‌ಗಳ ಬಗ್ಗೆ. ಎತ್ತಿದ್ದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯನ್ನು, ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಅಂಗಳ, ಶೆಡ್ಡುಗಳಲ್ಲಿ. ಜಾಕ್ ಕೊಳ್ಳಬಹುದು, ಬಾಳಿಕೆ ಬರುತ್ತದೆ. ಆದರೆ ಒಂದು ಜೊತೆ ಸ್ಟ್ಯಾಂಡ್ ಮತ್ತು ನಾಲ್ಕಡಿ ಗಟ್ಟಿ ನೆಲಕ್ಕೆ ದುಡ್ಡು ತೆಗೆದಿಟ್ಟ ಮೇಲೆಯೇ ಜಾಕಿಗೆ ಕೈ ಹಾಕಿ.

ಮೊದಲು ಟನ್ ಲೆಕ್ಕ. ಪದ್ಮಿನಿಯ ತೂಕ 900 ಕೆ.ಜಿ. ಆಸುಪಾಸು, ಅಂಬಾಸಿಡರ್ 1,100ರ ಮೇಲೆ. ಹಿಂಭಾಗ ಮಾತ್ರ ಎತ್ತುವಾಗ ಜಾಕ್ ಮೇಲೆ ಬೀಳುವುದು ಅದರಲ್ಲಿ ಅರ್ಧ. ತೂಕದ ದೃಷ್ಟಿಯಿಂದ 2 ಟನ್ ಜಾಕ್ ಧಾರಾಳ ಸಾಕು. ಆದರೂ 3 ಟನ್‌ದೇ ತಗೊಳ್ಳಿ ಅನ್ನುವುದು ಎತ್ತರಕ್ಕಾಗಿ. ಸೂಟ್‌ಕೇಸಿನಂಥ ಡಬ್ಬಿಯಲ್ಲಿ ಸಿಗುವ ಚಿಕ್ಕ 2 ಟನ್ ಜಾಕ್ ಸಾಮಾನ್ಯವಾಗಿ 330ರಿಂದ 350 ಮಿ.ಮೀ.ಗೆ ನಿಂತುಬಿಡುತ್ತದೆ. ಸ್ಟ್ಯಾಂಡಿನ ಕನಿಷ್ಠ ಎತ್ತರವೇ 280–300 ಮಿ.ಮೀ. ಇರುತ್ತದೆ. ಹೀಗಾಗಿ ಮುಂಭಾಗ ಎತ್ತಿ ಕಾರಿನ ಕೆಳಗೆ ಸ್ಟ್ಯಾಂಡ್ ತೂರಿಸುವಷ್ಟರಲ್ಲಿ ಚಿಕ್ಕ ಜಾಕಿನ ಉಸಿರು ಮುಗಿದಿರುತ್ತದೆ. ಆಗ ಜಾಕ್ ತಲೆಯ ಮೇಲೆ ಮರದ ತುಂಡು ಪೇರಿಸುವ ಕೆಲಸ ಶುರುವಾಗುತ್ತದೆ, ಕಾರು ಜಾರುವುದೂ ಅಲ್ಲೇ. 3 ಟನ್‌ನದು 450 ಮಿ.ಮೀ. ದಾಟುತ್ತದೆ, ಚಕ್ರಗಳ ನಡುವಿನ ಅಗಲವೂ ಹೆಚ್ಚು. ಇದರ ಕೆಟ್ಟ ಗುಣ ಭಾರ: 30 ಕೆ.ಜಿ.ಗೂ ಮೇಲಿದೆ. ಡಿಕ್ಕಿಯಲ್ಲಿ ಹಾಕಿಕೊಂಡು ತಿರುಗುವ ಸಾಮಾನಲ್ಲ.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕಾರಿನಲ್ಲಿ ಎರಡು ಅಳತೆ ತಗೊಳ್ಳಿ. ಗಾಳಿ ಪೂರ್ತಿ ಇಳಿದ ಟೈರಿನಲ್ಲಿ ಜಾಕ್ ಕೂರುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು ಒಂದು. ಚಕ್ರ ನೆಲ ಬಿಡಲು ಅದೇ ಜಾಗ ಎಷ್ಟು ಮೇಲೇರಬೇಕು ಅನ್ನುವುದು ಇನ್ನೊಂದು. ಈ ಎರಡೂ ಕಾರುಗಳಲ್ಲಿ ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್). ಕಾರಿನ ಬಾಡಿಯ ಕೆಳಗೆ ಜಾಕ್ ಕೊಟ್ಟರೆ ಆ್ಯಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಭಾಗ) ಕೆಳಗೇ ಜೋತು ಬೀಳುತ್ತಾ ಹೋಗಿ, ಬಹಳಷ್ಟು ಎತ್ತರ ಸ್ಪ್ರಿಂಗ್ ಬಿಚ್ಚಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ಆ್ಯಕ್ಸಲ್‌ಗೇ ಕೊಟ್ಟರೆ ಚಕ್ರ ಕೂಡಲೇ ಏಳುತ್ತದೆ.

ಹಾಗಾಗಿ ಹಿಂಭಾಗಕ್ಕೆ ಡಿಫರೆನ್ಷಿಯಲ್ ಹೌಸಿಂಗ್ (ಹಿಂದಿನ ಆ್ಯಕ್ಸಲ್ ನಡುವಿನ ಉಬ್ಬಿದ ಭಾಗ) ಕೆಳಗೆ ಜಾಕ್, ನಡುವೆ 20 ಮಿ.ಮೀ. ಗಟ್ಟಿ ಮರದ ಹಲಗೆ ಅಥವಾ ದಪ್ಪ ರಬ್ಬರ್. ಡ್ರೇನ್ ಪ್ಲಗ್ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಎತ್ತಿದ ಮೇಲೆ ಸ್ಟ್ಯಾಂಡುಗಳನ್ನು ಆ್ಯಕ್ಸಲ್ ಟ್ಯೂಬಿನ ಕೆಳಗೆ, ಸ್ಪ್ರಿಂಗಿನ ಯೂ ಬೋಲ್ಟ್ ಪಕ್ಕದಲ್ಲಿ ಇಡಬೇಕು. ಅದೇ ಟ್ಯೂಬಿನ ಮೇಲೆ ಬ್ರೇಕ್ ಪೈಪ್ ಹಾದುಹೋಗಿರುತ್ತದೆ. ಅದು ಸ್ಟ್ಯಾಂಡಿನ ತಲೆಗೆ ಸಿಕ್ಕಿ ಚಪ್ಪಟೆಯಾಗದಂತೆ ಬೆರಳಿನಿಂದ ತಡವಿ ನೋಡಿಯೇ ಕಾರು ಇಳಿಸಿ. ಮುಂದುಗಡೆ ಸಸ್ಪೆನ್ಷನ್ ಹೊತ್ತ ದಪ್ಪ ಕ್ರಾಸ್‌ಮೆಂಬರ್, ಅಂದರೆ ಅಡ್ಡ ತೊಲೆ, ಒಂದೇ ನಂಬಿಕೆಯ ಜಾಗ. ಆಯಿಲ್ ಸಂಪ್, ಗೇರ್‌ಬಾಕ್ಸ್, ಸ್ಟಿಯರಿಂಗ್ ರಾಡ್, ಅಂಬಾಸಿಡರ್‌ನ ಟಾರ್ಷನ್ ಬಾರ್, ಇವುಗಳಿಗೆ ಜಾಕ್ ತಾಗಿಸಲೇಬಾರದು.

ಬಾಗಿಲ ಕೆಳಗಿನ ಸಿಲ್ ಬಗ್ಗೆ ಮಲೆನಾಡಿನವರು ಪ್ರತ್ಯೇಕ ಯೋಚಿಸಬೇಕು. ಎರಡೂ ಮಾನೋಕಾಕ್ ಬಾಡಿ, ಅಂದರೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯ ಬಲದಲ್ಲಿ ಸಿಲ್‌ಗೂ ದೊಡ್ಡ ಪಾಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ನೀರು, ಕೆಸರು ನಿಂತು ತುಕ್ಕು ತಗಡನ್ನು ಒಳಗಿಂದ ತಿನ್ನುತ್ತದೆ. ಮೇಲಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಕುಟ್ಟಿ. ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದರೆ, ಅಥವಾ ತುಕ್ಕಿನ ಪುಡಿ ಉದುರಿದರೆ, ವೆಲ್ಡಿಂಗ್ ಆಗುವವರೆಗೆ ಅಲ್ಲಿ ಜಾಕ್ ಬೇಡ. ಟಿಂಕರಿಂಗ್‌ನವರು ಮೇಲೆ ಬರೀ ಪುಟ್ಟಿ ಬಳಿದಿದ್ದಾರೋ ತಗಡು ಹಾಕಿದ್ದಾರೋ ತಿಳಿಯಲು ಅಯಸ್ಕಾಂತ ಹಿಡಿದು ನೋಡಿ. ಪುಟ್ಟಿಗೆ ಅದು ಕಚ್ಚುವುದಿಲ್ಲ.

ನೆಲದ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಟ್ರಾಲಿ ಜಾಕ್ ಮಾಡಿದ್ದು ಕಾಂಕ್ರೀಟಿಗೆ. ಜಾಕಿನ ತೋಳು ಮೇಲೇಳುವಾಗ ಅದರ ತಲೆ ನೆಟ್ಟಗೆ ಏರುವುದಿಲ್ಲ, ಕಮಾನಿನಲ್ಲಿ ಸಾಗುತ್ತದೆ. ಆ ವ್ಯತ್ಯಾಸ ಸರಿದೂಗಿಸಲು ಜಾಕ್ ಕಾರಿನಡಿಗೆ ಉರುಳಬೇಕು. ಕೆಂಪು ಮಣ್ಣಿನ ಅಂಗಳದಲ್ಲಿ, ಜಲ್ಲಿಯಲ್ಲಿ, ಇಂಟರ್‌ಲಾಕ್ ಇಟ್ಟಿಗೆಯ ಸಂದಿಯಲ್ಲಿ ಚಕ್ರ ಹೂತರೆ ಜಾಕ್ ನಿಂತಲ್ಲೇ ನಿಂತು ಹಿಡಿದ ಜಾಗದಿಂದ ತಲೆ ಜಾರುತ್ತದೆ. ಪರಿಹಾರ ಎಂದರೆ 18 ಮಿ.ಮೀ. ಪ್ಲೈವುಡ್ ಎರಡು ಪದರ ಸೇರಿಸಿದ 4 ಅಡಿ ಉದ್ದ, 2 ಅಡಿ ಅಗಲದ ಹಲಗೆ, ಅದರ ಮೇಲೆ ಜಾಕ್ ಉರುಳುವಷ್ಟು ಜಾಗಕ್ಕೆ 4 ಮಿ.ಮೀ. ಕಬ್ಬಿಣದ ತಗಡು. ಸ್ಟ್ಯಾಂಡಿನ ಕಾಲುಗಳಿಗೂ ಬೇರೆ ಹಲಗೆ ಬೇಕು. ಮಳೆ ಕುಡಿದ ಮಣ್ಣು ಮೇಲೆ ಗಟ್ಟಿ ಕಂಡರೂ ರಾತ್ರಿ ಕಳೆಯುವುದರೊಳಗೆ ಒಂದು ಕಾಲನ್ನು ಒಳಗೆ ಎಳೆದುಕೊಳ್ಳಬಹುದು.

ನಮ್ಮ ಕಡೆ ಸ್ಟ್ಯಾಂಡ್ ಬದಲು ಜಂಬಿಟ್ಟಿಗೆ ಕಲ್ಲು ಪೇರಿಸುವ ರೂಢಿ ಇದೆ. ದಯವಿಟ್ಟು ಬಿಟ್ಟುಬಿಡಿ. ಗೋಡೆಯಲ್ಲಿ ಭಾರ ಹರಡಿದಾಗ ಅದು ತಾಳುತ್ತದೆ. ಆ್ಯಕ್ಸಲ್ ಟ್ಯೂಬ್ ಒಂದೇ ಗೆರೆಯಲ್ಲಿ ಒತ್ತಿದಾಗ ಮುನ್ಸೂಚನೆ ಕೊಡದೆ ಸೀಳುತ್ತದೆ. ಟೊಳ್ಳು ಸಿಮೆಂಟ್ ಇಟ್ಟಿಗೆಯೂ ಅಷ್ಟೆ. ಅಡಿಕೆ ಮರದ ತುಂಡು ನಾರಿನುದ್ದಕ್ಕೆ ಬಿರಿಯುತ್ತದೆ.

ಸ್ಟ್ಯಾಂಡ್‌ಗಳಲ್ಲಿ ಹಲ್ಲಿನ ಬಗೆ, ಪಿನ್ ಬಗೆ ಎರಡಿವೆ. 2020ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ 3 ಮತ್ತು 6 ಟನ್‌ನ ಹಲ್ಲಿನ ಸ್ಟ್ಯಾಂಡುಗಳನ್ನು ಹಲ್ಲು ಸರಿಯಾಗಿ ಕಚ್ಚುವುದಿಲ್ಲ ಎಂಬ ಕಾರಣಕ್ಕೆ ವಾಪಸ್ ಕರೆಯಲಾಗಿತ್ತು. ಪಿನ್ ಬಗೆಯಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ, ದಪ್ಪ ಪಿನ್ ತೂತಿನಲ್ಲಿ ಕೂತಿದ್ದು ಕಣ್ಣಿಗೇ ಕಾಣುತ್ತದೆ. ಎತ್ತರ ಹಂತ ಹಂತವಾಗಿ ಮಾತ್ರ ಸಿಗುತ್ತದೆ, ಆ ತೊಂದರೆ ಸಹಿಸಬಹುದು.

ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಗೇರಿನಲ್ಲಿಟ್ಟಿದ್ದೇನೆ ಅನ್ನುವ ಧೈರ್ಯ ಹಿಂಭಾಗ ಎತ್ತುವಾಗ ಸುಳ್ಳು. ಈ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಎಂಜಿನ್ ತಿರುಗಿಸುವುದೂ ಅವನ್ನೇ. ಒಂದು ಹಿಂಚಕ್ರ ಮೇಲೆದ್ದರೂ ಡಿಫರೆನ್ಷಿಯಲ್ ಆ ಚಕ್ರವನ್ನು ತಿರುಗಲು ಬಿಡುವುದರಿಂದ ಗೇರು ಹಿಡಿಯುವುದಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ, ಮುಂದೆ ಮರದ ಬೆಣೆ ಕೊಡಲೇಬೇಕು. ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಬಳಿಕ ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಬೀಳುವುದಿದ್ದರೆ ನೀವು ಹೊರಗಿದ್ದಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಸಿಲ್ ಕೆಳಗೆ ಮಲಗಿಸಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಕೈಯನ್ನೂ ಹಾಕಬೇಡಿ.

ಬಾಳಿಕೆಯ ಮಾತು. ಬಳಸದಾಗ ತೋಳು ಪೂರ್ತಿ ಇಳಿದಿರಲಿ. ಪಿಸ್ಟನ್ ಹೊರಗುಳಿದರೆ ಮಳೆಗಾಲದ ತೇವಕ್ಕೆ ತುಕ್ಕಿನ ಚುಕ್ಕೆ ಎದ್ದು, ಅದೇ ಚುಕ್ಕೆ ಮುಂದೆ ಸೀಲನ್ನು (ಎಣ್ಣೆ ಸೋರದಂತೆ ತಡೆಯುವ ಬಳೆ) ಹರಿದುಹಾಕುತ್ತದೆ. ಎತ್ತಿದ ಭಾರ ತಾನಾಗಿ ಇಳಿಯುತ್ತಿದ್ದರೆ ಪಿಸ್ಟನ್ ಸುತ್ತ ನೋಡಿ. ಎಣ್ಣೆ ಒಸರಿದ್ದರೆ ದೊಡ್ಡ ಸೀಲ್ ಹೋಗಿದೆ. ಹೊರಗೆಲ್ಲ ಒಣಗಿದ್ದೂ ಇಳಿದರೆ ರಿಲೀಸ್ ವಾಲ್ವಿನ (ಜಾಕ್ ಇಳಿಸಲು ತೆರೆಯುವ ವಾಲ್ವ್) ಗುಂಡಿನಡಿ ಕಸ ಕೂತಿರುವ ಸಾಧ್ಯತೆ ಹೆಚ್ಚು. ಹಿಡಿಗೆ ಪೈಪ್ ಹಾಕಿ ಆ ವಾಲ್ವನ್ನು ಬಿಗಿ ಮಾಡಿದರೆ ಗುಂಡು ಕೂರುವ ಜಾಗವೇ ಕೆಡುತ್ತದೆ. ಹಿಡಿ ಒತ್ತುವಾಗ ಮೆತ್ತಗೆ ಅನಿಸಿದರೆ ಗಾಳಿ ಸೇರಿದೆ: ಭಾರವಿಲ್ಲದೆ ವಾಲ್ವ್ ತೆರೆದು ಹತ್ತು ಹದಿನೈದು ಸಲ ಬೇಗ ಬೇಗ ಪಂಪ್ ಮಾಡಿ, ಮುಚ್ಚಿ. ಪೂರ್ತಿ ಎತ್ತರಕ್ಕೆ ಹೋಗದಿದ್ದರೆ ಎಣ್ಣೆ ಕಡಿಮೆ. ತೋಳು ಇಳಿಸಿಟ್ಟು, ತುಂಬುವ ತೂತಿನ ಅಂಚಿನವರೆಗೆ ಐ.ಎಸ್.ಒ. ವಿ.ಜಿ. 32 ಹೈಡ್ರಾಲಿಕ್ ಎಣ್ಣೆ ಹಾಕಿ. ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಊದಿ ಜಾಕ್ ಹಾಳು. ತೆಗೆದ ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.

ದಾರಿಗೆ ಬಾಟಲಿ ಜಾಕ್ ಇಟ್ಟುಕೊಳ್ಳಿ, ಜೊತೆಗೆ ಒಂದಡಿ ಚೌಕದ ಹಲಗೆ, ಎರಡು ಬೆಣೆ. ಬಾಟಲಿ ಜಾಕಿನ ಚಿಕ್ಕ ತಲೆ ಆ್ಯಕ್ಸಲಿನ ದುಂಡು ಟ್ಯೂಬಿನ ಮೇಲೆ ಜಾರುವುದರಿಂದ ಮೇಲೆ ಹಳ್ಳ ತೆಗೆದ ಮರದ ತುಂಡೂ ಬೇಕು. ಆಗುಂಬೆ ಘಾಟಿಯ ಇಳಿಜಾರಿನಲ್ಲಿ ಪಂಕ್ಚರ್ ಆದರೆ ಅಲ್ಲೇ ಎತ್ತಬೇಡಿ. ನಿಧಾನವಾಗಿ ಸಮತಟ್ಟು ಸಿಗುವವರೆಗೆ ನಡೆಸಿ, ಟೈರ್ ಹಾಳಾದರೂ ಚಿಂತೆಯಿಲ್ಲ.

ಕೊಳ್ಳುವಾಗ ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಹೆಸರಿಲ್ಲದ ಜಾಕ್ ಆದರೆ ಹಳೆ ಸೀಲನ್ನು ವರ್ನಿಯರ್‌ನಲ್ಲಿ ಅಳೆದು, ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕಾಗುತ್ತದೆ.