ಒಂದು ತಟ್ಟೆಯ ಚಿತ್ರ, ಎರಡು ವರ್ಷದ ಬಳಕೆ

ಕೆನಡಾ ಸರ್ಕಾರದ 2019ರ ಆಹಾರ ಮಾರ್ಗದರ್ಶಿಯನ್ನು ಪ್ರಿಂಟ್ ಹಾಕಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿ ಎರಡು ವರ್ಷವಾಯ್ತು. ಮೂಲೆ ಸುರುಳಿ ಸುತ್ತಿಕೊಂಡಿದೆ, ಎಣ್ಣೆ ಕೈ ತಗುಲಿ ಕಲೆಯೂ ಆಗಿದೆ. ಆದರೂ ಕಿತ್ತಿಲ್ಲ.

ಇರುವುದು ಒಂದೇ ತಟ್ಟೆ. ಅರ್ಧ ತರಕಾರಿ, ಹಣ್ಣು. ಕಾಲು ಭಾಗ ಇಡೀ ಧಾನ್ಯ. ಇನ್ನು ಕಾಲು ಪ್ರೋಟೀನ್. ಪಕ್ಕದಲ್ಲಿ ಒಂದು ಲೋಟ ನೀರು. ಹಾಲಲ್ಲ, ಜ್ಯೂಸೂ ಅಲ್ಲ! 2007ರ ಆವೃತ್ತಿಯಲ್ಲಿ ಹಾಲಿಗೂ ಮಾಂಸಕ್ಕೂ ಬೇರೆಬೇರೆ ಗುಂಪುಗಳಿದ್ದವು. ಈಗ ಎರಡೂ ಒಂದೇ ಕಾಲು ಭಾಗದೊಳಗೆ ಕಾಳು, ಬೀಜ, ತೋಫು (ಸೋಯಾ ಹಾಲಿನ ಪನೀರ್) ಇವುಗಳ ಜೊತೆ ಕೂತಿವೆ. ಪ್ರೋಟೀನನ್ನು ಹೆಚ್ಚಾಗಿ ಸಸ್ಯಗಳಿಂದಲೇ ಪಡೆಯಿರಿ ಎಂಬ ಸಲಹೆಯೂ ಇದೆ. ಮಾಂಸ ಬಿಡಿ ಎಂದು ಎಲ್ಲೂ ಗದರಿಸಿಲ್ಲ. ಅದೇ ನನಗೆ ಹಿಡಿಸಿದ್ದು. ಮಾರ್ಗದರ್ಶಿ ಬರೆಯುವಾಗ ಆಹಾರ ಉದ್ಯಮಗಳು ಮಾಡಿಸಿದ ವರದಿಗಳನ್ನು ಈ ಸಲ ಪಕ್ಕಕ್ಕಿಟ್ಟರಂತೆ. ತಟ್ಟೆ ನೋಡಿದರೆ ಗೊತ್ತಾಗುತ್ತದೆ.

ಹಳೆಯದರಲ್ಲಿ ದಿನಕ್ಕೆ ಇಷ್ಟು ಸರ್ವಿಂಗ್ ಎಂಬ ಲೆಕ್ಕವಿತ್ತು, ಹೊಸದರಲ್ಲಿ ಅದಿಲ್ಲ. ಅಳತೆ ಬೇಕೆನ್ನುವವರಿಗೆ ಕಿರಿಕಿರಿಯೇ. ನನಗೆ ನಿರಾಳ: ತೂಕದ ಯಂತ್ರ ಅಟ್ಟ ಸೇರಿತು, ಮೊದಲು ಅರ್ಧ ತಟ್ಟೆ ತರಕಾರಿ ಬಡಿಸಿಕೊಂಡು ಆಮೇಲೆ ಉಳಿದದ್ದು.

ಒಂದು ಎಚ್ಚರ. ಪ್ರಾಣಿಜನ್ಯ ಆಹಾರ ಪೂರ್ತಿ ಬಿಡುವವರಿಗೆ ಈ ಚಿತ್ರವೊಂದೇ ಸಾಲದು. ವಿಟಮಿನ್ ಬಿ12 ಕಾಳಿನಲ್ಲಿ ಸಿಗುವುದಿಲ್ಲ. ಮಾತ್ರೆಯೋ ಅದನ್ನು ಬೆರೆಸಿದ ಆಹಾರವೋ ಬೇಕೇಬೇಕು. ನಾನು ಪೆನ್ನಲ್ಲಿ ನೀರಿನ ಲೋಟದ ಕೆಳಗೆ ಬರೆದುಕೊಂಡಿದ್ದೇನೆ.

ನನ್ನ ಅಂಕ: ಐದಕ್ಕೆ ನಾಲ್ಕೂವರೆ.