ಕಾಫಿ ಕಣದಲ್ಲಿ ಮೂರು ಸನ್‌ಸ್ಕ್ರೀನ್, ಒಂದು ಹಳೇ ಶರ್ಟು

ನನ್ನ ಬಲಗೈ ಎಡಗೈಗಿಂತ ಕಪ್ಪು. ಹತ್ತು ವರ್ಷ ವಿರಾಜಪೇಟೆಯಿಂದ ಮಡಿಕೇರಿಗೆ ಕಾರು ಓಡಿಸಿದ್ದರ ಫಲ. ಗಾಜು ಏರಿಸಿದ್ದೀನಲ್ಲ, ಬಿಸಿಲೆಲ್ಲಿ ತಾಗುತ್ತೆ ಅಂದುಕೊಂಡಿದ್ದೆ. ಚರ್ಮ ಸುಡುವ ಯುವಿಬಿ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ, ನಿಜ. ಆದರೆ ಕಪ್ಪು ಮಾಡಿ ಸುಕ್ಕು ತರುವ ಯುವಿಎ ಪಕ್ಕದ ಕಿಟಕಿಯಿಂದ ಸಲೀಸಾಗಿ ಒಳಗೆ ಬರುತ್ತದೆ.

ಕೈ ಕಪ್ಪಾದಾಗ ತಲೆ ಕೆಡಿಸಿಕೊಳ್ಳಲಿಲ್ಲ. ಕೆನ್ನೆ ಮೇಲೆ ಬಂಗು ಬಂದಾಗ ಕೆಡಿಸಿಕೊಂಡೆ. ಹೋದ ಸಲದ ಕಾಫಿ ಕೊಯ್ಲಿನಲ್ಲಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ, ಜೆಲ್, ಝಿಂಕ್ ಕ್ರೀಮ್, ಸ್ಪ್ರೇ ಅಂತ ಮೂರು ಬಗೆಯ ಸನ್‌ಸ್ಕ್ರೀನ್ ಹಚ್ಚಿ ನೋಡಿದೆ.

ಮೆಡಿಕಲ್ ಶಾಪಿನ ಹುಡುಗ ಎಸ್‌ಪಿಎಫ್ 50 ಕೈಗಿಟ್ಟು "30ಕ್ಕಿಂತ ಡಬಲ್ ಮೇಡಂ" ಅಂದ. ಹಾಗೇನಿಲ್ಲ. ಎಸ್‌ಪಿಎಫ್ ಅಂದರೆ ಯುವಿಬಿ ತಡೆಯುವ ಲೆಕ್ಕ. 30 ಇದ್ದರೆ ಯುವಿಬಿಯಲ್ಲಿ ಶೇಕಡ 97ರಷ್ಟು ತಡೆಯುತ್ತದೆ, 50 ಇದ್ದರೆ 98ರಷ್ಟು. ನನ್ನಂಥವರು ನೋಡಬೇಕಾದ್ದು ಪಕ್ಕದಲ್ಲಿರುವ ಪಿಎ ಗುರುತು. ಅದು ಯುವಿಎ ಲೆಕ್ಕ. ಪ್ಲಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ನಾಲ್ಕು ಇದ್ದರೆ ಅದೇ ಕೊನೆ.

ಸ್ಪ್ರೇ ಬಗ್ಗೆ ಹೇಳುವುದು ಕಡಿಮೆ. ಕಾಫಿ ಒಣಗಿಸುವ ಕಣದಲ್ಲಿ ಗಾಳಿ ಬೀಸುತ್ತಿರುತ್ತದೆ. ಅರ್ಧ ನನಗೆ, ಅರ್ಧ ಕಾಫಿಗೆ. ಎಷ್ಟು ಬಿತ್ತು, ಎಲ್ಲಿ ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ವಾರಕ್ಕೇ ಬಿಟ್ಟೆ.

ಜೆಲ್ ಮೊದಲ ದಿನವೇ ಮನಸ್ಸು ಗೆದ್ದಿತ್ತು. ನೀರಿನ ಹಾಗೆ ಹರಡುತ್ತದೆ, ಜಿಡ್ಡಿಲ್ಲ, ಬಿಳಿ ಬಣ್ಣ ಉಳಿಯುವುದಿಲ್ಲ. ಕಾರಿಗೆ, ಪೇಟೆಗೆ, ಮದುವೆಗೆ ಇದಕ್ಕಿಂತ ಸುಖ ಬೇರೆ ಇಲ್ಲ. ತೊಂದರೆ ಶುರುವಾಗಿದ್ದು ಕಣದಲ್ಲಿ. ಕಾಫಿ ಹರಡಿದ ಮೇಲೆ ಒಂದೇ ಸಮ ಒಣಗಲಿ ಅಂತ ದಿನಕ್ಕೆ ನಾಲ್ಕೈದು ಸಲ ತಿರುವಿ ಹಾಕಬೇಕು, ಅಲ್ವಾ? ಎರಡನೇ ಸಲಕ್ಕೇ ಹಣೆಯ ಬೆವರಿನ ಜೊತೆ ಜೆಲ್ಲೂ ಕಣ್ಣಿಗೆ ಇಳಿಯಿತು. ಹಸಿಮೆಣಸು ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡ ಹಾಗೆ. ಕಣ್ಣೀರು ಸುರಿಸುತ್ತಾ ಕಾಫಿ ಎಳೆದೆ.

ಇನ್ನೊಂದು ಪೇಚು ಮಾರನೇ ವಾರ ಗೊತ್ತಾಯಿತು. ಬಿಳಿ ಶರ್ಟಿನ ಕಾಲರು ಒಗೆದಷ್ಟೂ ಕೆಂಪಾಗುತ್ತಿತ್ತು. ಕೆಮ್ಮಣ್ಣು ಅಂದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಈ ಜೆಲ್ಲಿನಲ್ಲಿ ಅವೊಬೆಂಝೋನ್ ಅನ್ನುವ, ಯುವಿಎ ತಡೆಯುವ ರಾಸಾಯನಿಕ ಇತ್ತು. ಅದು ನೀರಿನ ಕಬ್ಬಿಣದ ಜೊತೆ ಸೇರಿದರೆ ತುಕ್ಕಿನ ಹಾಗೆ ಕಲೆ ಕಟ್ಟುತ್ತದೆ. ನಮ್ಮ ಬೋರ್‌ವೆಲ್ ನೀರಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ.

ಝಿಂಕ್ ಕ್ರೀಮು ಇದಕ್ಕೆ ಪೂರ್ತಿ ವಿರುದ್ಧ. ದಪ್ಪ, ಹಚ್ಚಲು ಹಟ ಮಾಡುತ್ತದೆ. ಮೊದಲ ದಿನ ಹಚ್ಚಿಕೊಂಡು ಬಂದರೆ ಕೆಲಸಕ್ಕೆ ಬರುವ ಅಕ್ಕ ಬಾಯಿಗೆ ಸೆರಗಿಟ್ಟು ನಕ್ಕರು. "ಏನಮ್ಮಾ, ಮುಖಕ್ಕೆಲ್ಲಾ ವಿಭೂತಿ ಬಳ್ಕೊಂಡು ಬಂದಿದ್ದೀರಾ?" ಸಂಜೆ ಹೊತ್ತಿಗೆ ಕಾಫಿ ಧೂಳೂ ಅಂಟಿಕೊಂಡು ನನ್ನ ಗುರುತೇ ಸಿಗದ ಹಾಗಾಗಿತ್ತು. ಆದರೆ ಕಣ್ಣು ಉರಿಯಲಿಲ್ಲ, ಕಾಲರೂ ಕೆಂಪಾಗಲಿಲ್ಲ. ಆಮೇಲೆ ಮೈಬಣ್ಣ ಬೆರೆಸಿದ ಝಿಂಕ್ ಕ್ರೀಮ್ ತಂದೆ. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಬಂಗು ಇರುವವರಿಗೆ ಯುವಿ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕೆಟ್ಟದ್ದೇ, ಅದನ್ನೂ ಇದು ಒಂದಿಷ್ಟು ತಡೆಯುತ್ತದೆ. ವಿಭೂತಿಯ ಮಾತೂ ನಿಂತಿತು. ಈಗ ಕಣಕ್ಕೆ ಇದೇ ನನ್ನ ಆಯ್ಕೆ. ಜೆಲ್ ಕಾರಿನ ಡ್ಯಾಶ್‌ಬೋರ್ಡಿನ ಒಳಗಿದೆ ಅಂತ ಬರೆಯುವವಳಿದ್ದೆ, ಅಲ್ಲೂ ಇಡಬಾರದಂತೆ. ಕಾರಿನ ಶಾಖಕ್ಕೆ ಕೆಡುತ್ತದೆ. ಬ್ಯಾಗಿನಲ್ಲಿದೆ.

ಯಾವುದೇ ಇರಲಿ, ನಾನು ಮೊದಲು ಹಚ್ಚುತ್ತಿದ್ದದ್ದು ಶೇಂಗಾ ಬೀಜದಷ್ಟು. ಟ್ಯೂಬಿನ ಮೇಲಿನ ಎಸ್‌ಪಿಎಫ್ ಲೆಕ್ಕ ಹಾಕುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಎರಡು ಬೆರಳಿನ ಉದ್ದಕ್ಕೂ ಗೆರೆ ಎಳೆದರೆ ಮುಖ, ಕುತ್ತಿಗೆಗೆ ಸಾಕು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಒಂದು ಸಲಕ್ಕೆ ಒಂದೂಕಾಲು ಗ್ರಾಂ ಅಂತಿಟ್ಟುಕೊಳ್ಳಿ. 50 ಗ್ರಾಂ ಟ್ಯೂಬು 40 ಸಲಕ್ಕೆ ಖಾಲಿ. ದಿನಕ್ಕೆರಡು ಸಲ ಅಂದರೆ 20 ದಿನ! ಕೈಗೂ ಹಚ್ಚಿದರೆ ಮೆಣಸು ಮಾರಿದ ದುಡ್ಡೆಲ್ಲ ಇದಕ್ಕೇ ಹೋಗುತ್ತದೆ.

"ಚಳಿಯಲ್ಲಿ ಯಾಕೆ ಬಳಿದುಕೊಳ್ತೀಯಾ?" ಅಂತ ಅಮ್ಮ ಕೇಳುತ್ತಾರೆ. ತಂಪು ಗಾಳಿಯಲ್ಲಿ ಬಿಸಿಲು ತಿಳಿಯುವುದಿಲ್ಲ ಅಷ್ಟೆ. ಸಾವಿರ ಮೀಟರ್ ಮೇಲೇರಿದರೆ ಯುವಿ ಸುಮಾರು ಶೇಕಡ 10 ಹೆಚ್ಚುತ್ತದೆ, ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ತೆಳು ಮೋಡವೂ ಯುವಿಯನ್ನು ಹೆಚ್ಚೇನೂ ತಡೆಯುವುದಿಲ್ಲ. ಜುಲೈನ ಕಪ್ಪು ಮೋಡದ ದಿನ ಮಾತ್ರ ಫೋನಿನಲ್ಲಿ ಯುವಿ ಸೂಚ್ಯಂಕ, ಅಂದರೆ ಯುವಿ ಎಷ್ಟು ಜೋರಾಗಿದೆ ಅನ್ನುವ ಅಂಕಿ, ನೋಡುತ್ತೇನೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಚ್ಚುತ್ತೇನೆ, ಇಲ್ಲದಿದ್ದರೆ ಇಲ್ಲ.

ವಿಭೂತಿ ಅಂದ ಅಕ್ಕ ಕಣಕ್ಕೆ ಬರುವುದು ಸೀರೆ ಮೇಲೆ ಗಂಡನ ತುಂಬುತೋಳಿನ ಶರ್ಟು ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡು. ಕೈಗೆ ಅದರಷ್ಟು ಸಲೀಸಾದ ರಕ್ಷಣೆ ಯಾವ ಟ್ಯೂಬಿನಲ್ಲೂ ಇಲ್ಲ. ಬೆವರಿಗೆ ಇಳಿಯುವುದಿಲ್ಲ, ಎರಡು ಗಂಟೆಗೆ ಮುಗಿಯುವುದಿಲ್ಲ. ಸಿಮೆಂಟು ಕಣದಿಂದ ಮೇಲಕ್ಕೆ ಹೊಡೆಯುವ ಬೆಳಕು ಟೋಪಿ ಕೆಳಗಿನ ಮುಖಕ್ಕೂ ತಾಗುತ್ತದೆ, ಹಾಗಾಗಿ ಮುಖಕ್ಕೆ ಕ್ರೀಮು ಬೇಕೇ ಬೇಕು. ಕೈಗೆ ಈಗ ನಾನೂ ಶರ್ಟೇ ಹಾಕುವುದು. ಅದೇ, ಕಾಲರು ಕೆಂಪಾದ ಬಿಳಿ ಶರ್ಟು.